ಬಟಾಬಯಲಿನ ಭಯ

ಬಯಲುಸೀಮೆಯ ನಮ್ಮ ಕೊಂಡ್ಲಹಳ್ಳಿಯ ಹೊಲಗಳಲ್ಲಿ ಮೋಟರಿಗೆ ತ್ರೀಫೇಸ್ ಕರೆಂಟು ಸಿಗುವ ಪಾಳಿ ಎಷ್ಟೋ ಸಲ ರಾತ್ರಿಯದೇ. ಸ್ಟಾರ್ಟರ್ ಡಬ್ಬಿಯ ಪಕ್ಕ ಗೋಣಿತಾಟು ಹಾಸಿಕೊಂಡು, ಕರಡಿ ಬಂದೀತೆಂದು ಬ್ಯಾಟರಿಯನ್ನು ಕೈಗೆಟುಕುವಂತೆ ಇಟ್ಟುಕೊಂಡು ಕೂತವರಿಗೆ ಮೊಬೈಲೇ ಟಾಕೀಸು. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ನಾನು ನೋಡಿದ್ದು ಹಾಗೆ. ತೆರೆಯ ಮೇಲೆ ಬೆಂಗಳೂರಿನ ನೆಲ ಅಗೆದಾಗ ಹಳೆಯ ಬುರುಡೆಗಳು ಎದ್ದಿದ್ದವು. ಅದೇ ಹೊತ್ತಿಗೆ ನಮ್ಮ ಬಯಲಿನ ಆಚೆ ತುದಿಯಲ್ಲಿ ಒಂದು ಬೆಳಕು ಕಾಣಿಸಿತು. ಹಳ್ಳಕ್ಕೆ ಇಳಿದು ಮಾಯವಾಯಿತು, ಮತ್ತೆ ಮೇಲೆದ್ದಿತು. ನೇರ ನನ್ನ ಕಡೆಗೇ ಬರುತ್ತಿತ್ತು. ಸಿನಿಮಾ ನಿಲ್ಲಿಸಿ ಅದನ್ನೇ ನೋಡುತ್ತ ಕೂತೆ. ಇಪ್ಪತ್ತು ನಿಮಿಷವಾದ ಮೇಲೆ ಗೊತ್ತಾಯಿತು, ಪಕ್ಕದ ಹೊಲದ ಮಾವ ವಾಲ್ವ್ ತಿರುಗಿಸಲು ಹೊರಟವನು.

ಅಂಥ ಇಪ್ಪತ್ತು ನಿಮಿಷ ಕನ್ನಡದ ಯಾವ ಥ್ರಿಲ್ಲರಿನಲ್ಲೂ ನನಗೆ ಸಿಕ್ಕಿಲ್ಲ.

ನಮ್ಮ ಥ್ರಿಲ್ಲರಿಗೆ ಮಳೆ ಬೇಕು. ‘ರಂಗಿತರಂಗ’ಕ್ಕೆ (2015) ಕಮರೊಟ್ಟು ಎಂಬ ಹಸಿರು ಊರು, ‘ಆ ಕರಾಳ ರಾತ್ರಿ’ಗೆ (2018) ಮಲೆನಾಡಿನ ಒಂಟಿ ಮನೆ, ‘ಶಾಖಾಹಾರಿ’ಗೆ (2024) ಮಲೆನಾಡಿನದೇ ಒಂದು ಹೋಟೆಲು. ‘ಉಳಿದವರು ಕಂಡಂತೆ’ (2014) ಮಲ್ಪೆಯ ಕಡಲಿನದು, ‘ಗರುಡ ಗಮನ ವೃಷಭ ವಾಹನ’ (2021) ಮಂಗಳಾದೇವಿಯ ಓಣಿಗಳದು. ವೆಬ್ ಸರಣಿಗಳ ಕಾಲ ಬಂದರೂ ದಾರಿ ಬದಲಾಗಲಿಲ್ಲ: ‘ಏಕಂ’ ಕರಾವಳಿಗೆ ಹೋಯಿತು, ‘ಅಯ್ಯನ ಮನೆ’ ಚಿಕ್ಕಮಗಳೂರಿಗೆ. ಮಿಕ್ಕಿದ್ದು ಬೆಂಗಳೂರು. ಬಯಲುಸೀಮೆಗೆ ಕ್ಯಾಮೆರಾ ಬಂದರೆ ಬಹುಪಾಲು ಮಚ್ಚು ಹಿಡಿದವರ ಹಿಂದೆ ಧೂಳೆಬ್ಬಿಸಲು. ಮೇಲೆ ಹೆಸರಿಸಿದವುಗಳಲ್ಲಿ ಹಲವು ಒಳ್ಳೆಯ ಚಿತ್ರಗಳು, ನಿರ್ದೇಶಕರು ತಾವು ಹುಟ್ಟಿ ಬೆಳೆದ ನೆಲಕ್ಕೆ ಹೋದರೆ ತಪ್ಪೂ ಅಲ್ಲ. ಆದರೆ ಮಂಜು, ಮಳೆ, ಕಾಡು ರೂಢಿಯಾಗಿಬಿಟ್ಟಾಗ ಕಥೆಗಾರ ಸೋಮಾರಿಯಾಗುತ್ತಾನೆ. ಕಥೆ ಮುಚ್ಚಿಡಬೇಕಾದ್ದನ್ನು ಮಂಜು ಮುಚ್ಚಿಡುತ್ತದೆ.

ಕನ್ನಡ ಥ್ರಿಲ್ಲರ್ ಪರಂಪರೆಯ ಗಟ್ಟಿ ಬೇರು ಮಾತ್ರ ನಮ್ಮ ಒಣನೆಲದ್ದು. ಕಾದಂಬರಿಕಾರ ತ.ರಾ.ಸು. ಹೆಸರಿನ ಮೊದಲ ಅಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಅದನ್ನು ಥ್ರಿಲ್ಲರ್ ಎಂದು ಯಾರೂ ಕರೆಯುವುದಿಲ್ಲ. ನನಗೆ ಮಾತ್ರ ಅದರ ನಡುವಿನ ಪ್ರಶ್ನೆ ಅಪರಾಧ ಕಥೆಯದೇ ಎನಿಸುತ್ತದೆ: ಈ ಹಾಳಿಗೆ ಹೊಣೆ ಯಾರು? ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ನಾಯಕ ರಾಮಾಚಾರಿಯನ್ನು ಒಪ್ಪಿಸುವವರು ಕೆಟ್ಟವರಲ್ಲ, ಅವನನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟ್ರು. ಮುಂದೆ ವೇಶ್ಯಾವಾಟಿಕೆಗೆ ಬಿದ್ದ ಅಲಮೇಲು ಅವನ ಕಣ್ಣಿಗೆ ಬೀಳುತ್ತಾಳೆ. ಆ ಹೊತ್ತಿನಲ್ಲಿ ರಾಮಾಚಾರಿಯಾದ ವಿಷ್ಣುವರ್ಧನ್ ಮುಖ ನೋಡಬೇಕು. ಸಿಟ್ಟಿಗೆ ಗುರಿಯೇ ಸಿಗದೆ ಒದ್ದಾಡುವ ಮುಖ ಅದು. ಮೇಷ್ಟ್ರಾದ ಕೆ.ಎಸ್. ಅಶ್ವಥ್ ಅವರ ಕಣ್ಣಲ್ಲಿ ಪ್ರೀತಿ ಇದ್ದಷ್ಟೂ ನಮಗೆ ದಿಗಿಲು ಹೆಚ್ಚು. ಚಿತ್ರದ ಬಹುಪಾಲು ನಡೆಯುವುದು ಚಿತ್ರದುರ್ಗದ ಕಾದ ಬಂಡೆಗಳ ಊರಿನಲ್ಲಿ, ಹಾಡುಹಗಲು. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ನೊಂದುಕೊಂಡದ್ದು ಸಿನಿಮಾ ಬಲ್ಲವರಿಗೆಲ್ಲ ಗೊತ್ತು. ಆ ಮಾತನ್ನು ಗೌರವಿಸುತ್ತಲೇ ಹೇಳುತ್ತೇನೆ, ತೆರೆಯ ಮೇಲಿನ ಹಾವಿಗೂ ವಿಷವಿದೆ.

‘ಕೊಂದವರು ಯಾರು’ ಎಂಬುದಕ್ಕಿಂತ ‘ಆಗಗೊಟ್ಟವರು ಯಾರು’ ಎಂದು ಕೇಳಿದಾಗಲೇ ಕನ್ನಡದ ಥ್ರಿಲ್ಲರ್ ಗೆದ್ದಿದೆ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ನಲ್ಲಿ (1985) ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದವನು ಯಾರೆಂದು ಮೊದಲೇ ಗೊತ್ತು. ಅವನ ರಾಜಕಾರಣಿ ತಂದೆ ಅದನ್ನು ಹೇಗೆ ಮುಚ್ಚಿಹಾಕುತ್ತಾನೆ ಎಂಬುದರಲ್ಲಿ ಉಸಿರು ಬಿಗಿಹಿಡಿಯುತ್ತೇವೆ. ಸುನಿಲ್ ಕುಮಾರ್ ದೇಸಾಯಿ ಅವರ ಕೊಡುಗೆ ಬೇರೆ. ‘ತರ್ಕ’ (1989), ‘ನಿಷ್ಕರ್ಷ’ (1993) ಎರಡರಲ್ಲೂ ಹಾಡು ಬಿಟ್ಟು, ಪ್ರೇಕ್ಷಕ ಬೀಡಿ ಸೇದಲು ಹೊರಗೆ ಹೋಗದಂತೆ ಮಾಡಿದರು. ‘ನಿಷ್ಕರ್ಷ’ ಮಣಿಪಾಲದ ಒಂದೇ ಕಟ್ಟಡದೊಳಗೆ ಸುತ್ತುತ್ತದೆ, ಅಮೆರಿಕದ ‘ಡೈ ಹಾರ್ಡ್’ನ ನೆರಳು ಅದರ ಮೇಲೆ ಗಾಢವಾಗಿದೆ. ಕೈಚಳಕಕ್ಕೆ ಅದನ್ನು ನೋಡಿ. ಮನಸ್ಸಿನಲ್ಲಿ ಉಳಿಯುವುದು ‘ತರ್ಕ’. ಕೆ.ಎಸ್. ರವಿಕುಮಾರ್ ತಮಿಳಿನಲ್ಲಿ ನಿರ್ದೇಶಕರಾದದ್ದೇ ಅದರ ರೀಮೇಕಿನಿಂದ.

ಹೊಸಬರಲ್ಲಿ ನಾನು ಎತ್ತಿ ಹಿಡಿಯುವುದು ಪವನ್ ಕುಮಾರ್ ಅವರ ‘ಯೂ ಟರ್ನ್’ (2016). ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್. ಸುತ್ತಿ ಬರುವ ಬೇಸರಕ್ಕೆ ಬೈಕಿನವರು ನಡುವಿನ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಾರೆ. ಸರಿಸಿದ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಅಷ್ಟೇ ಅಪರಾಧ. ಕಲ್ಲನ್ನು ಸ್ವಸ್ಥಾನದಲ್ಲಿಡಲು ಹತ್ತು ಸೆಕೆಂಡು ಸಾಕು, ಆ ಹತ್ತು ಸೆಕೆಂಡು ಯಾರ ಬಳಿಯೂ ಇಲ್ಲ. ನಾನೂ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಬೈಕು ಓಡಿಸಿದವನು, ಆ ಚಿತ್ರ ನೋಡಿದ ಮೇಲೆ ಬಿಟ್ಟೆ. ತಮಿಳು, ತೆಲುಗು, ಮಲಯಾಳಂ, ಹಿಂದಿ, ದೂರದ ಫಿಲಿಪೀನ್ಸಿನವರೂ ಅದನ್ನು ತಮ್ಮದು ಮಾಡಿಕೊಂಡದ್ದು ಆ ಕಲ್ಲಿನ ಬಲದಿಂದ, ಅದರಲ್ಲಿ ಬರುವ ದೆವ್ವದ ಬಲದಿಂದಲ್ಲ.

ನಮ್ಮ ಥ್ರಿಲ್ಲರುಗಳ ದೊಡ್ಡ ಕೊರತೆ ಕಡೆಯ ಅರ್ಧ ಗಂಟೆಯದು. ಕಥೆಯ ಗಂಟು ಬಿಚ್ಚುವ ಹೊತ್ತಿಗೆ ಯಾರೋ ಒಬ್ಬರು ನಿಂತು ಹಿಂದಿನದನ್ನೆಲ್ಲ ವರದಿ ಒಪ್ಪಿಸುತ್ತಾರೆ, ಫ್ಲ್ಯಾಶ್‌ಬ್ಯಾಕ್ ಓಡುತ್ತದೆ. ‘ರಂಗಿತರಂಗ’ದಲ್ಲಿ ಇದು ಹೆಚ್ಚು. ‘ಕವಲುದಾರಿ’ಯಲ್ಲೂ ಇದೆ, ಆದರೆ ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಅನಂತ್ ನಾಗ್ ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳಿ ಚಿತ್ರವನ್ನು ಕಾಯುತ್ತಾರೆ. ನೋಡುವವರನ್ನು ನಂಬಿದರೆ ಇಷ್ಟು ವಿವರಣೆ ಬೇಕಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ರಾತ್ರಿಯಿಡೀ ಗಾಡಿಯಡಿ ಕೂತು ಹಿರಿಯರ ಕಥೆ ಕೇಳಿದ ಜನ ಅರ್ಧ ಹೇಳಿದರೆ ಪೂರ್ತಿ ತಿಳಿಯುತ್ತಾರೆ.

ಬಯಲಿನಲ್ಲಿ ಕುತೂಹಲ ಹುಟ್ಟದು ಎನ್ನುವವರಿಗೆ ಎರಡು ಚಿತ್ರ ತೋರಿಸಬೇಕು. ಹಿಚ್‌ಕಾಕ್ ಅವರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ (1959) ಮರವಿಲ್ಲದ ಹೊಲಗಳ ನಡುವೆ, ಬಿಸಿಲಿನಲ್ಲಿ, ಔಷಧಿ ಸಿಂಪಡಿಸುವ ವಿಮಾನವೊಂದು ಒಬ್ಬನ ಬೆನ್ನು ಹತ್ತುತ್ತದೆ. ಅಡಗಲು ಜಾಗವಿಲ್ಲ ಎಂಬುದೇ ಭಯ. ಟರ್ಕಿಯ ನೂರಿ ಬಿಲ್ಗೆ ಜೆಲಾನ್ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅನಟೋಲಿಯಾ’ದಲ್ಲಿ (2011) ಪೊಲೀಸರು ರಾತ್ರಿಯಿಡೀ ಹೂತ ಹೆಣ ಹುಡುಕುತ್ತಾರೆ. ಎಲ್ಲ ದಿಬ್ಬವೂ ಒಂದೇ ಥರ, ಹೂತವನಿಗೇ ಜಾಗ ನೆನಪಾಗದು. ಆ ಕಾರುಗಳ ದೀಪ ದೂರದಿಂದ ಬರುವಾಗ ನನಗೆ ನಮ್ಮ ಹಳ್ಳದ ದಾರಿಯೇ ಕಂಡಿತು.

ಕಥೆಗೂ ಇಲ್ಲಿ ಬರವಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಹೋಯಿತು. ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಅಡ್ಡವಾಗಿ ಗೋಡೆ ಎದ್ದಿತು. ಒಳಗೆ ಆಳಿಲ್ಲದ ವಿಮಾನಗಳ ಪರೀಕ್ಷೆ. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲಕ್ಕೆ ಬಿತ್ತು. ಸುತ್ತಲಿನ ಹಳ್ಳಿಗಳ ಜನ ಓಡಿ ಬಂದು, ಮುರಿದ ರೆಕ್ಕೆಯ ಸುತ್ತ ಬಿಸಿಲಿನಲ್ಲಿ ನಿಂತರು.