ಒಡಂಬಡಿಕೆಯಿಲ್ಲದ ಸಹವಾಸ

ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು, ಸಾಮಾನ್ಯವಾಗಿ ವಿಂಡೋಸ್ ಮತ್ತು ಲಿನಕ್ಸ್‌ಗಳನ್ನು, ಸ್ಥಾಪಿಸಿಕೊಂಡು ಯಂತ್ರವನ್ನು ಆನ್ ಮಾಡಿದಾಗಲೆಲ್ಲ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಪದ್ಧತಿಗೆ ಡ್ಯುಯಲ್ ಬೂಟ್ ಎಂಬ ಹೆಸರು ರೂಢಿಯಲ್ಲಿದೆ. ಈ ಪದ್ಧತಿಯನ್ನು ಕಲಿಸುವ ಕೈಪಿಡಿಗಳಲ್ಲಿ ಹೆಚ್ಚಿನವು ಅದನ್ನು ಅರ್ಧ ದಿನದ ಕೆಲಸವೆಂಬಂತೆ ನಿರೂಪಿಸುತ್ತವೆ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ತೆರವು ಮಾಡಿ, ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ, ಆಯ್ಕೆಯ ಪರದೆ ಮೂಡಿದೊಡನೆ ಕೈಪಿಡಿಯೂ ಮುಗಿಯುತ್ತದೆ. ಪದ್ಧತಿಯ ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದಾಚೆಗೆ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದವರು ಕನಿಷ್ಠ ಹಿತ್ತಿಲು ಬಾವಿಗಳ ಬಗೆಗಾದರೂ ಮಾತಾಡಿಕೊಂಡಿರುತ್ತಾರೆ. ಈ ಎರಡು ವ್ಯವಸ್ಥೆಗಳ ನಡುವೆ ಅಂಥ ಯಾವ ಮಾತುಕತೆಯೂ ನಡೆದಿಲ್ಲ. ಪ್ರತಿಯೊಂದೂ ಯಂತ್ರವೆಲ್ಲ ತನ್ನದೇ ಎಂಬ ಊಹೆಯ ಮೇಲೆ ರಚಿತವಾಗಿದೆ. ಡ್ಯುಯಲ್ ಬೂಟ್‌ನಲ್ಲಿ ಮುಂದೆ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಈ ಒಂದು ಊಹೆಯ ಬೇರೆ ಬೇರೆ ರೂಪಗಳೇ ಆಗಿವೆ.

ಹಳೆಯ ಕಾಲದಲ್ಲಿ ಈ ಊಹೆ ತೀರ ನೇರವಾಗಿಯೇ ಕಾಣಿಸಿಕೊಳ್ಳುತ್ತಿತ್ತು. 1983ರಲ್ಲಿ ಪಿಸಿ ಡಾಸ್ 2.0ರೊಂದಿಗೆ ಬಂದ ಮಾಸ್ಟರ್ ಬೂಟ್ ರೆಕಾರ್ಡ್ ಎಂಬುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳ ತುಣುಕು. ಅದರಲ್ಲಿ ಯಂತ್ರವನ್ನು ಎಬ್ಬಿಸುವ ಸಂಕೇತಗಳಿಗೆ 446 ಬೈಟ್‌ಗಳಷ್ಟೇ ಮೀಸಲಾಗಿದ್ದು, ಡಿಸ್ಕನ್ನು ನಾಲ್ಕು ಪ್ರಧಾನ ಭಾಗಗಳಾಗಿ ಹಂಚಿರುವ ವಿವರ ಇನ್ನು 64 ಬೈಟ್‌ಗಳಲ್ಲಿ ಅಡಗಿರುತ್ತಿತ್ತು. ಆಸನ ಒಂದೇ ಆದ್ದರಿಂದ ಕೊನೆಗೆ ಬಂದವರೇ ಅದರ ಮೇಲೆ ಕೂರುತ್ತಿದ್ದರು. ಲಿನಕ್ಸ್‌ನ ಲೈಲೋ ಅಥವಾ ಗ್ರಬ್ ಎಂಬ ಬೂಟ್‌ಲೋಡರ್, ಅಂದರೆ ಯಾವ ವ್ಯವಸ್ಥೆಯನ್ನು ಎಬ್ಬಿಸಬೇಕೆಂದು ಕೇಳಿ ಅದಕ್ಕೆ ಅಧಿಕಾರ ಒಪ್ಪಿಸುವ ಪುಟ್ಟ ತಂತ್ರಾಂಶ, ವಿಂಡೋಸ್‌ಗೂ ಒಂದು ಸಾಲು ಬಿಟ್ಟುಕೊಡುತ್ತಿತ್ತು. ವಿಂಡೋಸನ್ನು ಮರುಸ್ಥಾಪಿಸಿದರೆ ಅದು ಆ ತುಣುಕನ್ನು ಯಾರನ್ನೂ ಕೇಳದೆ ತನ್ನದಾಗಿಸಿಕೊಳ್ಳುತ್ತಿತ್ತು. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬ ಸೂತ್ರ ಹುಟ್ಟಿದ್ದು ಈ ಅನುಭವದಿಂದ. ಕಾರಣ ಬಹುಮಟ್ಟಿಗೆ ಮಾಯವಾದ ಮೇಲೂ ಸೂತ್ರ ಉಳಿದುಕೊಂಡಿದೆ.

ಕಾರಣ ಮಾಯವಾದದ್ದು ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಬಂದ ಮೇಲೆ. ಫರ್ಮ್‌ವೇರ್ ಎಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲೆಸಿ, ವಿದ್ಯುತ್ ಹರಿದ ಕ್ಷಣದಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ ತಂತ್ರಾಂಶ. ಹೊಸ ಏರ್ಪಾಟಿನಲ್ಲಿ ಡಿಸ್ಕಿನ ಒಂದು ಸಣ್ಣ ಭಾಗವನ್ನು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂದು ಪ್ರತ್ಯೇಕಿಸಿ, ಅದರೊಳಗೆ ಪ್ರತಿ ವ್ಯವಸ್ಥೆಯೂ ತನ್ನದೇ ಹೆಸರಿನ ಫೋಲ್ಡರಿನಲ್ಲಿ ಬೂಟ್‌ಲೋಡರನ್ನು ಇಟ್ಟುಕೊಳ್ಳಲು ಅವಕಾಶವಿದೆ. ಯಾವುದು ಮೊದಲು ಎಂಬ ಪಟ್ಟಿಯನ್ನು ಫರ್ಮ್‌ವೇರ್ ತಾನೇ ನೆನಪಿಟ್ಟುಕೊಳ್ಳುತ್ತದೆ. ವಿನ್ಯಾಸದ ದೃಷ್ಟಿಯಿಂದ ಇದು ನಿಜಕ್ಕೂ ಮೆಚ್ಚತಕ್ಕದ್ದು, ಏಕೆಂದರೆ ಸಹವಾಸವನ್ನು ಅಪವಾದವೆಂದು ನೋಡದೆ ಸಹಜವೆಂದು ಒಪ್ಪಿಕೊಂಡ ಏರ್ಪಾಟು ಇದು. ಅನುಷ್ಠಾನದಲ್ಲಿ ಮಾತ್ರ ಆ ಉದಾರತೆ ಕುಗ್ಗಿದೆ. ವಿಂಡೋಸ್ ಸ್ಥಾಪಕವು ಈ ಭಾಗಕ್ಕೆ ಅನೇಕ ಸಲ 100 ಮೆಗಾಬೈಟ್ ಮಾತ್ರ ಕೊಡುತ್ತದೆ. ಕೆಲವು ಯಂತ್ರಗಳ ಫರ್ಮ್‌ವೇರ್ ಪಟ್ಟಿಯನ್ನು ಲೆಕ್ಕಿಸದೆ ವಿಂಡೋಸ್‌ನ ಫೋಲ್ಡರನ್ನೇ ಹುಡುಕಿಕೊಂಡು ಹೋಗುತ್ತದೆ. ದೊಡ್ಡದೊಂದು ಅಪ್‌ಡೇಟ್ ಆದ ಬಳಿಕ ವಿಂಡೋಸ್ ಪಟ್ಟಿಯ ತಲೆಗೆ ಬಂದು ನಿಂತಿರುವುದೂ ಉಂಟು.

ನಿಜವಾದ ಇಕ್ಕಟ್ಟು ಸೆಕ್ಯೂರ್ ಬೂಟ್‌ನದು. ನಂಬಿಕಸ್ಥ ಸಹಿ ಇಲ್ಲದ ಬೂಟ್‌ಲೋಡರನ್ನು ಚಾಲನೆಗೊಳ್ಳಲು ಬಿಡದಂತೆ ಫರ್ಮ್‌ವೇರಿಗೆ ಕಲಿಸುವ ಈ ರಕ್ಷಣಾಕ್ರಮವು 2012ರಲ್ಲಿ ವಿಂಡೋಸ್ 8ರ ಪ್ರಮಾಣಪತ್ರದ ಷರತ್ತಾಗಿ ವ್ಯಾಪಕವಾಗಿ ಬಳಕೆಗೆ ಬಂತು. ಯಂತ್ರ ಎಚ್ಚರಗೊಳ್ಳುವ ಮುನ್ನವೇ ಒಳಹೊಕ್ಕು ಕೂರುವ ದುಷ್ಟ ತಂತ್ರಾಂಶಗಳಿಂದ ಬಳಕೆದಾರರನ್ನು ಕಾಪಾಡುವ ಅದರ ಉದ್ದೇಶದಲ್ಲಿ ತಪ್ಪು ಹುಡುಕಲಾಗದು. ಆದರೆ ಯಾರ ಸಹಿ ನಂಬಿಕಸ್ಥ ಎಂಬ ಪ್ರಶ್ನೆಗೆ ಬಹುತೇಕ ಎಲ್ಲ ಲ್ಯಾಪ್‌ಟಾಪುಗಳಲ್ಲಿ ಸಿಕ್ಕ ಉತ್ತರ ಮೈಕ್ರೋಸಾಫ್ಟ್ ಎಂಬುದೇ ಆಗಿತ್ತು. ಲಿನಕ್ಸನ್ನು ತಮ್ಮ ತಮ್ಮ ರೂಪದಲ್ಲಿ ಕಟ್ಟಿಕೊಡುವ ವಿತರಣೆಗಳು (ಡಿಸ್ಟ್ರಿಬ್ಯೂಷನ್) ಪ್ರತಿ ಬಾರಿಯೂ ಅಲ್ಲಿ ಸಹಿ ಬೇಡುವುದು ಸಾಧ್ಯವಿಲ್ಲದ್ದರಿಂದ ಲಿನಕ್ಸ್ ತಜ್ಞ ಮ್ಯಾಥ್ಯೂ ಗ್ಯಾರೆಟ್ ಮೊದಲಾದವರು ಶಿಮ್ ಎಂಬ ಮಧ್ಯವರ್ತಿಯನ್ನು ರೂಪಿಸಿದರು: ಮೈಕ್ರೋಸಾಫ್ಟ್‌ನ ಸಹಿಯಿರುವ ಈ ಪುಟ್ಟ ತಂತ್ರಾಂಶ ಮೊದಲು ಚಾಲನೆಗೊಂಡು, ತನ್ನೊಳಗಿರುವ ವಿತರಣೆಯ ಕೀಲಿಯಿಂದ ಗ್ರಬ್‌ನ ಸಹಿಯನ್ನು ಪರಿಶೀಲಿಸುತ್ತದೆ. ಯಂತ್ರದ ಒಡೆಯನೇ ತನ್ನ ಕೀಲಿಯನ್ನು ನೋಂದಾಯಿಸಿಕೊಳ್ಳುವ ಸೌಲಭ್ಯವನ್ನೂ ಅದರೊಂದಿಗೆ ಸೇರಿಸಲಾಯಿತು. ಚತುರ ಪರಿಹಾರ ಇದು, ಸಂದೇಹವಿಲ್ಲ. ಆದರೂ ಲಿನಕ್ಸ್‌ನ ಪ್ರವೇಶವು ಪ್ರತಿಸ್ಪರ್ಧಿಯ ಸಹಿಯ ಮೇಲೆ ನಿಂತಿದೆ ಎಂಬ ವಸ್ತುಸ್ಥಿತಿಯನ್ನು ಅದು ಬದಲಿಸಲಿಲ್ಲ.

ಆ ವಸ್ತುಸ್ಥಿತಿಯ ಬೆಲೆ 2024ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಗ್ರಬ್‌ನಲ್ಲಿ 2020ರಲ್ಲಿ ಬೂಟ್‌ಹೋಲ್ ಎಂಬ ದೋಷ ಪತ್ತೆಯಾದ ಮೇಲೆ, ಕೆಟ್ಟ ಬೂಟ್‌ಲೋಡರುಗಳನ್ನು ಒಂದೊಂದಾಗಿ ನಿಷೇಧಪಟ್ಟಿಗೆ ಸೇರಿಸುತ್ತ ಹೋದರೆ ಫರ್ಮ್‌ವೇರಿನ ಕಿರಿದಾದ ಸ್ಮೃತಿಯೇ ತುಂಬಿಹೋಗುವುದೆಂದು ಮನಗಂಡ ತಜ್ಞರು, ಬೂಟ್‌ಲೋಡರುಗಳಿಗೆ ತಲೆಮಾರಿನ ಸಂಖ್ಯೆ ಕೊಟ್ಟು, ಇಂತಿಷ್ಟಕ್ಕಿಂತ ಹಳೆಯ ತಲೆಮಾರಿನವನ್ನು ಒಟ್ಟಾಗಿ ತಿರಸ್ಕರಿಸುವ ಎಸ್‌ಬ್ಯಾಟ್ ಎಂಬ ಕ್ರಮವನ್ನು ತಂದಿದ್ದರು. 2024ರ ಆ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ಕನಿಷ್ಠ ಸಂಖ್ಯೆಯನ್ನು ಏರಿಸಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಇದು ಅನ್ವಯಿಸದು ಎಂದು ಮೈಕ್ರೋಸಾಫ್ಟ್ ಹೇಳಿದ್ದರೂ, ಅಂಥ ಯಂತ್ರಗಳನ್ನು ಗುರುತಿಸುವ ಕ್ರಮ ಅನೇಕ ಕಡೆ ಸೋತದ್ದರಿಂದ, ಹಳೆಯ ಶಿಮ್ ಇದ್ದ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಆರಿಸಿದೊಡನೆ ಏನೋ ಗಂಭೀರವಾಗಿ ಕೆಟ್ಟಿದೆ ಎಂಬ ಒಂದು ಸಾಲು ಮೂಡಿ ಯಂತ್ರ ಆರಿಹೋಗತೊಡಗಿತು. ಇಲ್ಲಿ ಆರೋಪ ಹೊರಿಸುವುದು ಸುಲಭ, ಹಂಚುವುದು ಕಷ್ಟ: ಆ ಅಪ್‌ಡೇಟ್ ಮುಚ್ಚಲು ಹೊರಟ ಗ್ರಬ್‌ನ ಇನ್ನೊಂದು ದೋಷ ನಿಜವಾದದ್ದು, 2022ರಲ್ಲೇ ದಾಖಲಾದದ್ದು, ಕೆಲವು ಲಿನಕ್ಸ್ ವಿತರಣೆಗಳು ಹಳೆಯ ಶಿಮ್ ಅನ್ನೇ ಮುಂದುವರಿಸಿದ್ದವು ಎಂಬುದೂ ನಿಜ. ಆದರೆ ಒಂದು ವ್ಯವಸ್ಥೆ ತನ್ನ ಪಾಡಿಗೆ ಮಾಡಿಕೊಂಡ ಅಪ್‌ಡೇಟ್ ಇನ್ನೊಂದನ್ನು ರಾತ್ರೋರಾತ್ರಿ ನಿಷ್ಕ್ರಿಯಗೊಳಿಸಬಹುದು, ಇನ್ನೊಂದಕ್ಕೆ ಅಂಥ ಅಧಿಕಾರವಿಲ್ಲ ಎಂಬ ಅಸಮಾನತೆಯನ್ನು ಯಾವ ಕೈಪಿಡಿಯೂ ಮೊದಲ ಪುಟದಲ್ಲಿ ಹೇಳಿರಲಿಲ್ಲ. ವಿಂಡೋಸ್‌ನ ಕಡೆಯಿಂದ ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ.

ಇದಕ್ಕಿಂತ ಸದ್ದಿಲ್ಲದ, ಆದರೆ ಹೆಚ್ಚು ಜನರನ್ನು ತಟ್ಟುವ ತೊಡಕು ಫಾಸ್ಟ್ ಸ್ಟಾರ್ಟಪ್‌ನದು. ವಿಂಡೋಸ್ 8ರಿಂದೀಚೆಗೆ, ಈ ಸೌಲಭ್ಯ ಜಾರಿಯಲ್ಲಿದ್ದರೆ, ಶಟ್‌ಡೌನ್ ಒತ್ತಿದಾಗ ವ್ಯವಸ್ಥೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ತಿರುಳನ್ನು ಇದ್ದಂತೆಯೇ ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಡಿಸ್ಕಿನ ಸ್ಥಿತಿಯ ಬಗೆಗಿನ ನೆನಪೂ ಆ ತಿರುಳಿನೊಳಗೇ ಇರುವುದರಿಂದ, ನಡುವೆ ಲಿನಕ್ಸ್ ಬಂದು ಅದೇ ಭಾಗದಲ್ಲಿ ಕಡತವೊಂದನ್ನು ಬರೆದರೆ ನೆನಪಿಗೂ ವಾಸ್ತವಕ್ಕೂ ತಾಳೆಯಾಗದೆ ಕಡತಗಳು ಕೆಡಬಹುದು. ಈ ಅಪಾಯವನ್ನು ಗುರುತಿಸಿ ಲಿನಕ್ಸ್ ಆ ಭಾಗವನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ನಿರಾಕರಿಸುತ್ತದೆ. ಬಳಕೆದಾರ ಇದನ್ನು ಲಿನಕ್ಸ್‌ನ ಹಠವೆಂದು ಭಾವಿಸುವುದು ವಿಪರ್ಯಾಸ. ಗಡಿಯಾರದ ಜಗಳ ಇದಕ್ಕೆ ಹೋಲಿಸಿದರೆ ನಗೆ ತರಿಸುವಂಥದ್ದು: ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆಯೆಂದು ವಿಂಡೋಸ್, ವಿಶ್ವಸಮಯವಿದೆಯೆಂದು ಲಿನಕ್ಸ್ ನಂಬುವುದರಿಂದ, ಭಾರತದಲ್ಲಿ ಲಿನಕ್ಸ್‌ನಿಂದ ವಿಂಡೋಸ್‌ಗೆ ಮರಳಿದವರ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ಒಂದು ಆದೇಶದಿಂದ ಸರಿಹೋಗುವ ಸಂಗತಿ ಇದು.

ಗೂಢಲಿಪೀಕರಣದ (ಎನ್‌ಕ್ರಿಪ್ಷನ್) ತೊಡಕು ಅಷ್ಟು ಸುಲಭದಲ್ಲಿ ಬಗೆಹರಿಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೊಸದಾಗಿ ಸಜ್ಜುಗೊಳಿಸಿದ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ಸಾಮಾನ್ಯವಾಗಿ ತಾನಾಗಿಯೇ ಜಾರಿಯಾಗುತ್ತದೆ. ಅದರ ಕೀಲಿಯನ್ನು ಕಾಯುವುದು ಟಿಪಿಎಂ ಎಂಬ ಚಿಪ್. ಯಂತ್ರ ಎಚ್ಚರಗೊಳ್ಳುವ ಸರಣಿಯಲ್ಲಿ ವ್ಯತ್ಯಾಸ ಕಂಡರೆ ಅದು ಕೀಲಿ ಕೊಡುವುದಿಲ್ಲ. ಲಿನಕ್ಸ್ ಸ್ಥಾಪನೆ ಅಂಥ ವ್ಯತ್ಯಾಸಕ್ಕೆ ಸುಲಭವಾಗಿ ಎಡೆಮಾಡಿಕೊಡುವುದರಿಂದ, 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳದವರು ತಮ್ಮದೇ ಕಡತಗಳ ಮುಂದೆ ಅಪರಿಚಿತರಾಗಿ ನಿಲ್ಲಬೇಕಾಗುತ್ತದೆ.

ಇಷ್ಟೆಲ್ಲ ತೊಡಕುಗಳ ಎದುರು ಒಂದು ಪ್ರತ್ಯುದಾಹರಣೆಯನ್ನು ಇಟ್ಟು ನೋಡಬೇಕು. ಆಪಲ್ ಸಂಸ್ಥೆ 2006ರಲ್ಲಿ ಬೂಟ್ ಕ್ಯಾಂಪ್ ಎಂಬ ಸೌಲಭ್ಯವನ್ನು ಹೊರತಂದಾಗ, ಡಿಸ್ಕನ್ನು ಹಂಚುವ ಸಾಧನವನ್ನೂ ವಿಂಡೋಸ್‌ಗೆ ಬೇಕಾದ ಡ್ರೈವರುಗಳನ್ನೂ, ಎಂದರೆ ಯಂತ್ರದ ಬಿಡಿಭಾಗಗಳನ್ನು ವ್ಯವಸ್ಥೆಗೆ ಪರಿಚಯಿಸುವ ತಂತ್ರಾಂಶಗಳನ್ನೂ, ತಾನೇ ಒದಗಿಸಿತು. ಯಂತ್ರ ತಯಾರಿಸಿದವರೇ ಎರಡೂ ವ್ಯವಸ್ಥೆಗಳ ಹೊಣೆ ಹೊತ್ತ ಅಪರೂಪದ ಸಂದರ್ಭವದು. ಆದ್ದರಿಂದಲೇ ಅಲ್ಲಿ ಸಹವಾಸ ಬಹುಮಟ್ಟಿಗೆ ಸುಗಮವಾಗಿತ್ತು. 2020ರಲ್ಲಿ ಆಪಲ್ ಇಂಟೆಲ್ ಪ್ರೊಸೆಸರುಗಳನ್ನು ಬಿಟ್ಟು ತನ್ನದೇ ಚಿಪ್ಪುಗಳತ್ತ ಹೊರಳಿದಾಗ, ಹೊಸ ಯಂತ್ರಗಳಲ್ಲಿ ಆ ಸೌಲಭ್ಯವೂ ನಿಂತಿತು. ಹೊಣೆ ಹೊರುವವರಿದ್ದರೆ ಸಹವಾಸ ಸಾಧ್ಯ, ಅವರು ಕೈಬಿಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ ಎಂಬ ಎರಡು ಮಾತುಗಳನ್ನೂ ಈ ಒಂದೇ ಇತಿಹಾಸ ಹೇಳುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗಳ ವಿಷಯದಲ್ಲಿ ಆ ಹೊಣೆ ಬಳಕೆದಾರನ ಹೆಗಲಿಗೇ ಬಿದ್ದಿದೆ.

ಹಾಗಾದರೆ ಆ ಭಾರವನ್ನು ಯಾರು ಹೊರಬೇಕು, ಯಾರು ಹೊರಬೇಕಿಲ್ಲ? ಕನ್ನಡದ ಬರಹ ಮತ್ತು ಮುದ್ರಣದ ಕೆಲಸ ಮಾಡುವವರ ಸ್ಥಿತಿ ಇಲ್ಲಿ ಒಳ್ಳೆಯ ನಿದರ್ಶನ. ಯೂನಿಕೋಡ್‌ನಲ್ಲಿ ಬರೆಯುವವರಿಗೆ ವಿಂಡೋಸ್ ಅನಿವಾರ್ಯವಲ್ಲ, ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬಂದ ಕಗಪ ಕೀಲಿಮಣೆ ಲಿನಕ್ಸ್‌ನ ಆಯ್ಕೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ತೊಡಕಿರುವುದು ಹಳೆಯ ದಾಸ್ತಾನಿನಲ್ಲಿ. ಆಸ್ಕಿ ಎಂದು ರೂಢಿಯಲ್ಲಿ ಕರೆಯುವ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ನುಡಿ ಮುಂತಾದ ಫಾಂಟುಗಳಲ್ಲಿ ವರ್ಷಗಟ್ಟಲೆ ಸಿದ್ಧಪಡಿಸಿದ ಪುಸ್ತಕಗಳೂ ಕಚೇರಿ ಕಡತಗಳೂ ಡಿಟಿಪಿ ಅಂಗಡಿಗಳಲ್ಲಿ ರಾಶಿ ಬಿದ್ದಿದ್ದು, ಅವುಗಳನ್ನು ಪೇಜ್‌ಮೇಕರಿನಂಥ ವಿಂಡೋಸ್ ತಂತ್ರಾಂಶಗಳಲ್ಲಿ ತೆರೆದರೆ ಮಾತ್ರ ಪುಟವಿನ್ಯಾಸ ಇದ್ದಂತೆ ಕಾಣುತ್ತದೆ. ಆದರೆ ಇಂಥ ಕೆಲಸಕ್ಕೆ ಡ್ಯುಯಲ್ ಬೂಟ್ ಅತಿಯಾದ ಮದ್ದು. ವರ್ಚುವಲ್ ಯಂತ್ರ, ಅಂದರೆ ಲಿನಕ್ಸ್‌ನೊಳಗೆ ಒಂದು ಕಿಟಕಿಯಲ್ಲಿ ನಡೆಯುವ ಕೃತಕ ಗಣಕವೊಂದರಲ್ಲಿ, ಪರವಾನಗಿಯುಳ್ಳ ವಿಂಡೋಸನ್ನು ಇಟ್ಟುಕೊಂಡರೆ ಸಾಕು. ಅಕ್ಷರ ಜೋಡಿಸುವ ಕೆಲಸಕ್ಕೆ ಯಂತ್ರದ ಪೂರ್ಣ ಬಲ ಬೇಕಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸಾಲು ನಕಲು ಮಾಡಲು ಪ್ರತಿ ಬಾರಿ ರೀಸ್ಟಾರ್ಟ್ ಮಾಡುವ ಕಾಟವೂ ಇರುವುದಿಲ್ಲ.

ವಿಂಡೋಸ್‌ನೊಳಗೇ ಲಿನಕ್ಸನ್ನು ನಡೆಸುವ ಡಬ್ಲ್ಯುಎಸ್‌ಎಲ್ 2016ರಲ್ಲಿ ಬಂದು, ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ತಿರುಳನ್ನೇ ಅಳವಡಿಸಿಕೊಂಡ ಮೇಲೆ, ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳ ಪಾಲಿಗೂ ಡ್ಯುಯಲ್ ಬೂಟ್‌ನ ಅಗತ್ಯ ತಗ್ಗಿದೆ. ಯಂತ್ರದ ಬಿಡಿಭಾಗಗಳನ್ನು ನೇರವಾಗಿ, ಪೂರ್ಣವಾಗಿ ಬಳಸಬೇಕಾದ ಕೆಲಸ ಎರಡೂ ಕಡೆ ಇರುವವರಿಗೆ ಈ ಪದ್ಧತಿ ಈಗಲೂ ಸಾರ್ಥಕ: ಆಟದಲ್ಲಿ ಮೋಸ ತಡೆಯುವ ಕಾವಲು ತಂತ್ರಾಂಶದಿಂದಾಗಿ ವಿಂಡೋಸ್ ಬಿಡಲಾಗದ ಆಟಗಳು ಒಂದು ಕಡೆ, ಲಿನಕ್ಸನ್ನೇ ದಿನದ ಮನೆಯಾಗಿ ಬಳಸುವ ಆಸೆ ಇನ್ನೊಂದು ಕಡೆ ಇರುವವರು ಇದಕ್ಕೆ ಉದಾಹರಣೆ. ಉಳಿದವರ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ರೀಸ್ಟಾರ್ಟ್ ಮಾಡುವ ಬೇಸರಕ್ಕೆ ಎರಡರಲ್ಲೊಂದು ಮೂಲೆ ಸೇರಿ, ಅಪ್‌ಡೇಟ್ ಕಾಣದೆ ಹಳತಾಗುತ್ತ ಹೋಗುತ್ತದೆ.

ಸಾರ್ಥಕವಾದ ಕಡೆ ಅದನ್ನು ಚೆನ್ನಾಗಿ ಮಾಡುವ ದಾರಿ ಎರಡು ಡಿಸ್ಕುಗಳದು. ಎರಡನೆಯ ಎಸ್‌ಎಸ್‌ಡಿಗೆ ಜಾಗವಿರುವ ಲ್ಯಾಪ್‌ಟಾಪನ್ನೇ ಕೊಂಡು, ಲಿನಕ್ಸ್‌ಗೆ ಅದರದೇ ಡಿಸ್ಕನ್ನೂ ಅದರದೇ ಇಎಫ್‌ಐ ಪಾರ್ಟಿಷನ್ನನ್ನೂ ಕೊಟ್ಟು, ಆಯ್ಕೆಯನ್ನು ಫರ್ಮ್‌ವೇರಿಗೆ ಬಿಟ್ಟರೆ, ಒಂದು ಡಿಸ್ಕ್ ಕೆಟ್ಟಾಗಲೂ ಇನ್ನೊಂದು ತನ್ನಷ್ಟಕ್ಕೆ ನಿಲ್ಲುತ್ತದೆ. ಸೆಕ್ಯೂರ್ ಬೂಟ್‌ನ ಅಸಮಾನತೆ ಇದರಿಂದ ಹೋಗದು, ಅದು ಡಿಸ್ಕಿನ ಆಚೆಗಿನದು. ಒಂದೇ ಡಿಸ್ಕ್ ಇದ್ದರೆ ವಿಂಡೋಸ್‌ನ ಭಾಗವನ್ನು ವಿಂಡೋಸ್‌ನ ಸಾಧನದಿಂದಲೇ ಕುಗ್ಗಿಸಿ, ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ, ಇಬ್ಬರೂ ಮುಟ್ಟುವ ಕಡತಗಳಿಗೆ ಮೂರನೆಯದೊಂದು ಭಾಗವನ್ನು ಎತ್ತಿಡುವುದು ವಿವೇಕ. 2021ರಲ್ಲಿ ಲಿನಕ್ಸ್‌ನ 5.15 ಆವೃತ್ತಿಗೆ ಸೇರಿದ, ವಿಂಡೋಸ್‌ನ ಕಡತ ವಿನ್ಯಾಸವನ್ನು ಓದಿ ಬರೆಯಬಲ್ಲ ಎನ್‌ಟಿಎಫ್‌ಎಸ್3 ಡ್ರೈವರ್ ಈ ಹಂಚಿಕೆಯನ್ನು ಹಿಂದಿಗಿಂತ ಸಲೀಸಾಗಿಸಿದೆ.

ಹೊಸ ಯಂತ್ರ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಸಹಿಗಳ ಆಯುಷ್ಯ. ಶಿಮ್‌ಗೆ ಸಹಿ ಹಾಕಲು ಬಳಕೆಯಲ್ಲಿದ್ದ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ಗೆ ಮುಗಿಯುವಂಥದ್ದು. ಅದರ ಜಾಗಕ್ಕೆ 2023ರದು ಬರುತ್ತಿದೆ. ಅವಧಿ ಮುಗಿದ ಮಾತ್ರಕ್ಕೆ ಈಗಾಗಲೇ ನಡೆಯುತ್ತಿರುವ ಲಿನಕ್ಸ್ ನಿಂತುಹೋಗದಾದರೂ, ಮುಂದೆ ಹೊಸ ಕೀಲಿಯಿಂದಷ್ಟೇ ಸಹಿಯಾಗಿ ಬರುವ ಶಿಮ್‌ಗಳನ್ನು ಒಪ್ಪಲು ಫರ್ಮ್‌ವೇರಿನಲ್ಲಿ ಆ ಹೊಸ ಪ್ರಮಾಣಪತ್ರ ಇರಬೇಕಾಗುತ್ತದೆ. ಇದರ ಜೊತೆಗೆ, ಹೆಚ್ಚಿನ ಭದ್ರತೆಯ ಹೆಸರಿನಲ್ಲಿ ಮಾರಾಟವಾಗುವ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಅಲ್ಲದವುಗಳಿಗೆ ಮೀಸಲಾದ ಈ ಸಹಿಯನ್ನು ನಂಬುವ ಆಯ್ಕೆಯೇ ಕಾರ್ಖಾನೆಯಿಂದ ಮುಚ್ಚಿಕೊಂಡು ಬರುತ್ತದೆ. ಫರ್ಮ್‌ವೇರಿನ ಪರದೆಗೆ ಹೋಗಿ ಅದನ್ನು ಕೈಯಾರೆ ತೆರೆಯುವವರೆಗೆ, ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಅಂಥ ಯಂತ್ರ ಲಿನಕ್ಸ್‌ನ ಪೆನ್‌ಡ್ರೈವನ್ನು ಚಾಲನೆಗೊಳ್ಳಲು ಬಿಡುವುದೇ ಇಲ್ಲ.