ದಾನಿಯ ರಕ್ತನಾಳ: ಉಳಿದದ್ದು ನಾಳವೇ, ಕಾಲೇ?

ಕಾಲಿನ ಅಪಧಮನಿ ಕಟ್ಟಿಕೊಂಡು ಪಾದದ ಹುಣ್ಣು ಮಾಯದಿದ್ದಾಗ, ಕಟ್ಟಿದ ಭಾಗವನ್ನು ಬಿಟ್ಟು ರಕ್ತಕ್ಕೆ ಬದಲಿ ದಾರಿ ಮಾಡುವುದೇ ಬೈಪಾಸ್. ಇದಕ್ಕೆ ಅತ್ಯುತ್ತಮ ಕೊಳವೆ ರೋಗಿಯದೇ ಸಫೀನಸ್ ಅಭಿಧಮನಿ. 1948ರಲ್ಲಿ ಪ್ಯಾರಿಸ್ಸಿನ ಜಾನ್ ಕುನ್ಲಿನ್ ಅದನ್ನು ತಲೆಕೆಳಗಾಗಿಸಿ ಹೊಲಿದರು. ಒಳಗಿನ ಕವಾಟಗಳು ರಕ್ತಕ್ಕೆ ಅಡ್ಡಬರದಿರಲೆಂದು ಈ ಉಪಾಯ. ಆ ನಾಳವನ್ನು ಹೃದಯದ ಬೈಪಾಸಿಗೆ ಮೊದಲೇ ತೆಗೆದಿದ್ದರೆ? ಆಗ ಮೃತ ದಾನಿಯಿಂದ ಪಡೆದು ದ್ರವ ಸಾರಜನಕದ ಶೈತ್ಯದಲ್ಲಿ ಕಾಪಿಟ್ಟ ಅಭಿಧಮನಿಯ ಮಾತು ಬರುತ್ತದೆ.

ಈ ಕಸಿಯ ಬಗೆಗಿನ ವರದಿಗಳನ್ನು ಎಚ್ಚರದಿಂದ ಓದಬೇಕು. ಮಂಡಿಯ ಕೆಳಗಿನ ಬೈಪಾಸುಗಳಲ್ಲಿ ವರ್ಷ ತುಂಬುವುದರೊಳಗೆ ಅರ್ಧಕ್ಕೂ ಹೆಚ್ಚು ನಾಳಗಳು ಮುಚ್ಚಿಕೊಂಡದ್ದನ್ನು ಹಲವು ವರದಿಗಳು ಒಪ್ಪುತ್ತವೆ. ಆದರೆ ಉಳಿದ ಕಾಲುಗಳ ಪ್ರಮಾಣ ಅದಕ್ಕಿಂತ ಎಷ್ಟೋ ಹೆಚ್ಚು, ಒತ್ತು ಬೀಳುವುದೂ ಅದರ ಮೇಲೆಯೇ. ಹುಣ್ಣು ಮಾಯಲು ಬೇಕಾದಷ್ಟು ರಕ್ತ ಮಾಯ್ದ ಚರ್ಮಕ್ಕೆ ಬೇಡ, ಆದ್ದರಿಂದ ಕೆಲವು ತಿಂಗಳು ತೆರೆದಿದ್ದರೂ ಸಾಕು ಎಂಬುದು ಅವರ ಸಮರ್ಥನೆ. ಒಪ್ಪತಕ್ಕ ವಾದವೇ. ಆದರೆ ಈ ವರದಿಗಳಲ್ಲಿ ಹೆಚ್ಚಿನವು ಹಳೆಯ ಕಡತಗಳಿಂದ ಆಯ್ದವು, ಹೋಲಿಕೆಯ ಗುಂಪಿಲ್ಲ. ಕಸಿ ಇಲ್ಲದೆಯೂ ಎಷ್ಟು ಕಾಲು ಉಳಿಯುತ್ತಿದ್ದವು? ಇನ್ನೊಂದು ಸೂಕ್ಷ್ಮ: ಎರಡೂ ಕಾಲಿದ್ದೇ ತೀರಿಕೊಂಡ ರೋಗಿ ಲೆಕ್ಕದಲ್ಲಿ ಸೋಲಾಗಿ ಕಾಣುವುದಿಲ್ಲ!

2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್‌ಐ ಪ್ರಯೋಗ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿತು. ಸ್ವಂತ ಸಫೀನಸ್ ನಾಳ ಚೆನ್ನಾಗಿದ್ದ 1434 ರೋಗಿಗಳಲ್ಲಿ ಬೈಪಾಸ್ ಬಲೂನು-ಸ್ಟೆಂಟ್ ಚಿಕಿತ್ಸೆಗಿಂತ ಮೇಲಾಯಿತು. ಅಂಥ ನಾಳವಿಲ್ಲದ 396 ಮಂದಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನಲ್ಲಿ ಕೃತಕ ಕೊಳವೆಯೇ ಮೊದಲಾದ ಬೇರೆ ಬೇರೆ ಬದಲಿಗಳಿದ್ದವು ನಿಜ. ಆದರೂ ದಾನಿಯ ನಾಳ ಇನ್ನು ಸ್ಪರ್ಧಿಸಬೇಕಾದುದು ಬಲೂನಿನೊಡನೆ, ಕಾಲು ಕತ್ತರಿಸುವ ಗರಗಸದೊಡನೆಯಲ್ಲ.

ಹೆಚ್ಚು ಚರ್ಚೆಯಾಗದ ಬೆಲೆಯೂ ಒಂದಿದೆ. ಶೈತ್ಯ ನಾಳವನ್ನು ಕೆಡದಂತೆ ಇಡುತ್ತದೆ, ಅದರ ಪರಕೀಯತೆಯನ್ನು ಅಳಿಸುವುದಿಲ್ಲ. ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ರೋಗಿಗಳಲ್ಲಿ ಅನೇಕರು ಮಧುಮೇಹಿಗಳು, ಮೂತ್ರಪಿಂಡ ಸೋತವರು. ಮುಂದೆ ಅವರಿಗೆ ಹೊಂದುವ ಮೂತ್ರಪಿಂಡ ಸಿಗುವುದೇ ಕಷ್ಟವಾಗಬಹುದು. ಕಾಲಿನ ಲೆಕ್ಕ ಬರೆಯುವವರು ಇದನ್ನೂ ಬರೆಯಬೇಡವೇ?

ಹಳೆಯ ಕೃತಕ ಕೊಳವೆಗೆ ಕೀವು ಹಿಡಿದಾಗ ಮಾತು ಬೇರೆ. ಅಲ್ಲಿ ಮತ್ತೊಂದು ಪ್ಲಾಸ್ಟಿಕ್ ಇಡುವುದಕ್ಕಿಂತ ದಾನಿಯ ನಾಳ, ಅಲ್ಪಾಯುವಾದರೂ, ಲೇಸು. ಉಳಿದೆಡೆ, ಶೈತ್ಯಾಗಾರದ ಬಾಗಿಲು ತೆರೆಯುವ ಮೊದಲು ರೋಗಿಯ ತೋಳುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರೋ ಇಲ್ಲವೋ ಎಂಬುದನ್ನು ಪ್ರತಿ ವರದಿಯೂ ಹೇಳಬೇಕು. ಹೊಲಿದು ಜೋಡಿಸಲು ಬರುವ ಸ್ವಂತ ಅಭಿಧಮನಿ ಅಲ್ಲಿರಬಹುದು.