ಪೂರ್ವಗ್ರಹವನ್ನು ನಡುಮನೆಗೆ ತಂದ ನಗೆ: ‘ಆಲ್ ಇನ್ ದಿ ಫ್ಯಾಮಿಲಿ’

‘ಆಲ್ ಇನ್ ದಿ ಫ್ಯಾಮಿಲಿ’ 1971ರ ಜನವರಿ 12ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ. ಜಾನಿ ಸ್ಪೈಟ್ ಬಿಬಿಸಿಗಾಗಿ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಇದಕ್ಕೆ ಮೂಲ. ನಿರ್ಮಾಪಕ ನಾರ್ಮನ್ ಲಿಯರ್ ತಯಾರಿಸಿದ ಎರಡು ಮಾದರಿ ಕಂತುಗಳನ್ನು ಎಬಿಸಿ ವಾಹಿನಿ ತಿರಸ್ಕರಿಸಿತ್ತು. ಸಿಬಿಎಸ್ ಒಪ್ಪಿದ ಮೇಲೆ ಧಾರಾವಾಹಿ ಸತತ ಐದು ವರ್ಷ ವೀಕ್ಷಕರ ಸಂಖ್ಯೆಯಲ್ಲಿ ಮೊದಲ ಸ್ಥಾನದಲ್ಲಿತ್ತು.

ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕಾರ್ಮಿಕ ಆರ್ಚಿ ಬಂಕರ್ ಇದರ ಕೇಂದ್ರ ಪಾತ್ರ. ಕಪ್ಪು ಜನರು, ಯೆಹೂದಿಗಳು, ಸಲಿಂಗಿಗಳು, ಹೆಣ್ಣುಮಕ್ಕಳು ಎಲ್ಲರ ಬಗ್ಗೆಯೂ ಅವನಿಗೆ ತಾತ್ಸಾರ. ಉದಾರವಾದಿ ಅಳಿಯ ಮೈಕ್ ಅದೇ ಸೂರಿನಡಿ ಇರುವುದರಿಂದ ವಾಗ್ವಾದ ನಿತ್ಯದ್ದು. ಆರಂಭದ ಕಂತೊಂದರಲ್ಲಿ ಆರ್ಚಿ ಅಳಿಯನ ನಾಜೂಕಿನ ಗೆಳೆಯನನ್ನು ಸಲಿಂಗಿಯೆಂದು ಹಂಗಿಸುತ್ತಾನೆ. ಆದರೆ ಸಲಿಂಗಿಯಾಗಿರುವವನು ಆರ್ಚಿ ಮೆಚ್ಚಿಕೊಂಡ, ಕಟ್ಟುಮಸ್ತಾದ ಮಾಜಿ ಫುಟ್‌ಬಾಲ್ ಆಟಗಾರ. ಆತನೇ ಬಾಯಿಬಿಟ್ಟು ಹೇಳಿದರೂ ಆರ್ಚಿಗೆ ನಂಬಲಾಗುವುದಿಲ್ಲ. ನಗು ಹುಟ್ಟುವುದು ಸಲಿಂಗಿಯ ನಡೆಯಿಂದಲ್ಲ, ಆರ್ಚಿಯ ಖಚಿತ ಅಭಿಪ್ರಾಯ ಕುಸಿಯುವುದರಿಂದ. ಈ ಬರವಣಿಗೆಯ ಹೆಚ್ಚುಗಾರಿಕೆ ಇದೇ.

ಇದೇ ತಂಡದಿಂದ ಕವಲೊಡೆದ ‘ಮಾಡ್’ ಧಾರಾವಾಹಿ ಇನ್ನೂ ಮುಂದೆ ಹೋಯಿತು. 1972ರ ನವೆಂಬರ್‌ನಲ್ಲಿ ಬಂದ, ಸೂಸನ್ ಹ್ಯಾರಿಸ್ ಬರೆದ ಎರಡು ಭಾಗಗಳ ಕಂತಿನಲ್ಲಿ 47 ವರ್ಷದ ನಾಯಕಿ ಮಾಡ್ ಗರ್ಭಿಣಿಯಾಗುತ್ತಾಳೆ. ಗಂಡನೊಡನೆ, ಮಗಳೊಡನೆ ಮಾತಾಡಿ ಗರ್ಭಪಾತಕ್ಕೆ ನಿರ್ಧರಿಸುತ್ತಾಳೆ. ಕಥೆ ನಡೆಯುವ ನ್ಯೂಯಾರ್ಕ್ ರಾಜ್ಯದಲ್ಲಿ ಆಗಲೇ ಗರ್ಭಪಾತಕ್ಕೆ ಅವಕಾಶವಿತ್ತು. ಇಡೀ ದೇಶಕ್ಕೆ ಆ ಹಕ್ಕು ನೀಡಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1973ರ ಜನವರಿಯಲ್ಲಿ. ಅದೇ ವರ್ಷ ಕಂತಿನ ಮರುಪ್ರಸಾರಕ್ಕೆ ತೀವ್ರ ವಿರೋಧ ಎದುರಾಗಿ, ಹಲವು ಸ್ಥಳೀಯ ಕೇಂದ್ರಗಳು ಹಿಂಜರಿದವು.

ಆದರೆ ‘ಆಲ್ ಇನ್ ದಿ ಫ್ಯಾಮಿಲಿ’ಯಂಥ ಹಾಸ್ಯಕ್ಕೆ ಮಿತಿಯೂ ಇದೆ. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ವೀಕ್ಷಕರು ಆರ್ಚಿಯನ್ನೇ ಹೆಚ್ಚಾಗಿ ಮೆಚ್ಚಿದ್ದರು. ವಿಡಂಬನೆಯನ್ನು ಅವರು ಸಮರ್ಥನೆಯಾಗಿ ಸ್ವೀಕರಿಸಿದ್ದರು. ನಗು ತಾನಾಗಿ ಯಾರ ಮನಸ್ಸನ್ನೂ ತಿದ್ದುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹೀಗಾಗಿ ಎರಡೂ ಧಾರಾವಾಹಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆರ್ಚಿಯ ಮಾತನ್ನು ವೀಕ್ಷಕ ತನಗೆ ಬೇಕಾದಂತೆ ಅರ್ಥೈಸಿಕೊಳ್ಳಬಹುದು. ಮಾಡ್‌ಳ ನಿರ್ಧಾರವನ್ನು ಹಾಗೆ ತಿರುಚಲಾಗದು. ಅದನ್ನು ಒಪ್ಪಬೇಕು, ಇಲ್ಲವೇ ವಿರೋಧಿಸಬೇಕು. ಮುಚ್ಚಿಟ್ಟ ಸಂಗತಿಯನ್ನು ಮನೆಮಂದಿ ಕೂತು ಚರ್ಚಿಸುವಂತೆ ಮಾಡಿದ್ದು ಎರಡರ ಸಾಧನೆಯೂ ಹೌದು. ಆದರೆ ನಿಷಿದ್ಧ ವಿಷಯವನ್ನು ಹೆಚ್ಚು ಪ್ರಾಮಾಣಿಕವಾಗಿ ಎದುರಿಸಿದ್ದು ‘ಮಾಡ್’.